ಎಸ್ಪ್ರೆಸ್ಸೊ ಕಿಟ್ ತರಿಸಬೇಕೇ: ನಮ್ಮ ಮನೆಯ ವಾಟ್ಸಾಪ್ ಗುಂಪಿನ ಚರ್ಚೆ

ತಮ್ಮ: ಎಲ್ಲರೂ ಈ ಜಾಹೀರಾತಿನ ಕೊಂಡಿಯನ್ನು ಒಮ್ಮೆ ನೋಡಿ. ಪುಡಿಯನ್ನು ಕಲಕುವ ಸೂಜಿಗಳ ಸಾಧನ, ಮಟ್ಟ ಮಾಡುವ ಲೆವೆಲರ್, ಪುಡಿ ತುಂಬುವ ಬಾಸ್ಕೆಟ್ಟಿನ ಮೇಲೆ ಕೂರುವ ಫನೆಲ್, ಪುಡಿಯ ಮೇಲಿಡುವ ಲೋಹದ ಜಾಲರಿಯಾದ ಪಕ್ ಸ್ಕ್ರೀನ್, ಪುಡಿಯನ್ನು ಒತ್ತಲು ಸ್ಪ್ರಿಂಗ್ ಇರುವ ಟ್ಯಾಂಪರ್, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ನನ್ನ ಯಂತ್ರದ ಎಸ್ಪ್ರೆಸ್ಸೊ ಒಂದು ದಿನ ಚೆನ್ನಾಗಿದ್ದರೆ ಮರುದಿನ ಹುಳಿ, ಅದರ ಮರುದಿನ ಕಹಿ. ಈ ಕಿಟ್ ಬಂದರೆ ಆ ಏರುಪೇರು ನಿಲ್ಲುತ್ತದೆ ಎಂದು ನನ್ನ ನಂಬಿಕೆ. ಅತ್ತಿಗೆಗೂ ಬೇಕಿದ್ದರೆ ಎರಡನ್ನು ಒಟ್ಟಿಗೇ ಆರ್ಡರ್ ಮಾಡುತ್ತೇನೆ.

ಚಿಕ್ಕಪ್ಪ: ಕಾಫಿಯ ರುಚಿ ತೋಟದಲ್ಲಿಯೂ ಕಣದಲ್ಲಿಯೂ ನಿಶ್ಚಯವಾಗುತ್ತದೆ. ಪೂರ್ತಿ ಕೆಂಪಾದ ಹಣ್ಣನ್ನೇ ಆರಿಸಿ, ಅದೇ ದಿನ ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ತೆಗೆದು, ಒಣಗುವಾಗ ಒಂದು ಹನಿ ಮಳೆ ತಾಗದಂತೆ ಕಾದರೆ ಬೀಜದಲ್ಲಿ ರುಚಿ ಉಳಿಯುತ್ತದೆ. ಅಲ್ಲಿ ತಪ್ಪಿದ ಮೇಲೆ ಯಾವ ಸೂಜಿಯೂ ಅದನ್ನು ಮರಳಿ ತರುವುದಿಲ್ಲ. ನಮ್ಮ ಅಮ್ಮ ಹಿತ್ತಾಳೆಯ ಫಿಲ್ಟರಿನಲ್ಲಿ ಜೀವನವಿಡೀ ಡಿಕಾಕ್ಷನ್ ಇಳಿಸಿದರು, ಅವರಿಗೆ ಇವುಗಳಲ್ಲಿ ಒಂದೂ ಬೇಕಾಗಲಿಲ್ಲ. ದುಡ್ಡು ದಂಡ ಮಾಡಬೇಡ.

ನಾನು: ಚಿಕ್ಕಪ್ಪ, ಬೀಜದ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅಜ್ಜಿಯ ಫಿಲ್ಟರಿಗೂ ಎಸ್ಪ್ರೆಸ್ಸೊ ಯಂತ್ರಕ್ಕೂ ಒಂದೇ ನಿಯಮ ಹೊಂದುವುದಿಲ್ಲ. ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ನಿಧಾನವಾಗಿ ಇಳಿಯುವುದರಿಂದ ಪುಡಿಯ ಎಲ್ಲ ಭಾಗವೂ ನೆನೆಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಎಸ್ಪ್ರೆಸ್ಸೊದಲ್ಲಾದರೋ ಸುಮಾರು 9 ಬಾರ್ ಒತ್ತಡದ ನೀರು, ಬೆರಳಗಲದ ಪುಡಿಯ ಪದರವೊಂದನ್ನು ದಾಟಿ, 25ರಿಂದ 30 ಸೆಕೆಂಡುಗಳಲ್ಲಿ ಲೋಟಕ್ಕೆ ಬಂದು ಬೀಳಬೇಕು. ಗದ್ದೆಯ ಬದುವಿನಲ್ಲಿ ಏಡಿ ಕೊರೆದ ತೂತೊಂದಿದ್ದರೆ ನೀರೆಲ್ಲ ಅಲ್ಲಿಂದಲೇ ಹರಿದುಹೋಗುವುದನ್ನು ನೀವು ಬಲ್ಲಿರಿ. ಇಲ್ಲಿಯೂ ಪುಡಿ ಸಡಿಲವಾಗಿರುವ ಒಂದು ಕಡೆ ಸಿಕ್ಕರೆ ಸಾಕು, ನೀರು ಅಲ್ಲಿಯೇ ನುಗ್ಗುತ್ತದೆ. ಆ ದಾರಿಯ ಪುಡಿಯಿಂದ ಕಹಿಯವರೆಗೂ ಎಲ್ಲವೂ ಸೆಳೆದುಹೋಗುತ್ತದೆ, ಉಳಿದ ಕಡೆಯ ಪುಡಿ ಅರ್ಧಂಬರ್ಧ ನೆನೆದು ಹುಳಿಯನ್ನಷ್ಟೇ ಕೊಡುತ್ತದೆ. ಕಾಫಿಯವರು ಚಾನೆಲಿಂಗ್ ಎನ್ನುವುದು ಇದನ್ನೇ. ನೀವು ತೋಟದಲ್ಲಿ ಪಟ್ಟ ಶ್ರಮವೆಲ್ಲ ಆ ಒಂದು ತೂತಿನಲ್ಲಿ ಹರಿದುಹೋಗಬಾರದು ಎಂಬುದೇ ನನ್ನ ಕಾಳಜಿ.

ಹಾಗೆಂದು ಈ ಪೆಟ್ಟಿಗೆಯನ್ನು ಕಣ್ಣು ಮುಚ್ಚಿ ತರಿಸು ಎಂದು ತಮ್ಮನಿಗೆ ಹೇಳುವುದಿಲ್ಲ. ಅದರಲ್ಲಿರುವ ವಸ್ತುಗಳೆಲ್ಲ ಒಂದೇ ಬೆಲೆಯ ಕೆಲಸ ಮಾಡುವುದಿಲ್ಲ. ಮೊದಲು ಒಂದು ಮಾತು ಹೇಳು: ನೀನು ಪುಡಿಯನ್ನೂ ಲೋಟಕ್ಕೆ ಬಂದ ಕಾಫಿಯನ್ನೂ ತೂಗುತ್ತೀಯಾ?

ತಮ್ಮ: ತೂಗುವುದಿಲ್ಲ ಅಕ್ಕಾ. ಗ್ರೈಂಡರಿನಲ್ಲಿ ಟೈಮರ್ ಇದೆ, ಇಷ್ಟು ಸೆಕೆಂಡಿಗೆ ಇಷ್ಟು ಪುಡಿ ಎಂದು ಅದೇ ಹಾಕುತ್ತದೆ. ಯಂತ್ರದಲ್ಲಿ ಎರಡು ಲೋಟದ ಗುಂಡಿಯನ್ನು ಒತ್ತುತ್ತೇನೆ.

ನಾನು: ಹಾಗಿದ್ದರೆ ನಿನ್ನ ಏರುಪೇರಿನ ಕಾರಣವನ್ನು ಮೊದಲು ಅಲ್ಲಿಯೇ ಹುಡುಕಬೇಕು. ಟೈಮರ್ ಅಳೆಯುವುದು ಹೊತ್ತನ್ನು, ತೂಕವನ್ನಲ್ಲ. ಗ್ರೈಂಡರಿನ ಮೇಲಿನ ಬಟ್ಟಲಿನಲ್ಲಿ ಬೀಜ ತುಂಬಿದ್ದಾಗ ಒಂದಷ್ಟು ಬೀಳುತ್ತದೆ, ತಳ ಕಾಣುತ್ತಿರುವಾಗ ಇನ್ನೊಂದಷ್ಟು. ಒಂದು ದಿನ 17 ಗ್ರಾಂ, ಇನ್ನೊಂದು ದಿನ 19 ಗ್ರಾಂ ಬಿದ್ದರೆ ಪದರದ ದಪ್ಪ ಬದಲಾಗುತ್ತದೆ, ನೀರಿನ ವೇಗ ಬದಲಾಗುತ್ತದೆ, ಅದರೊಂದಿಗೆ ರುಚಿಯೂ. 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿಯೊಂದನ್ನು ತರಿಸಿಕೊ. ಪ್ರತಿಸಲ 18 ಗ್ರಾಂ ಪುಡಿ ಹಾಕು, ಲೋಟವನ್ನು ತಕ್ಕಡಿಯ ಮೇಲಿಟ್ಟು ಸುಮಾರು 36 ಗ್ರಾಂ ಬಂದ ಕೂಡಲೇ ಯಂತ್ರವನ್ನು ನಿಲ್ಲಿಸು, ಎಷ್ಟು ಸೆಕೆಂಡಾಯಿತೆಂದು ಬರೆದಿಡು. ಹುಳಿಯಾಗಿದ್ದು ಬೇಗ ಬಂದಿದ್ದರೆ ಇನ್ನಷ್ಟು ನುಣ್ಣಗೆ ಪುಡಿ ಮಾಡು, ಕಹಿಯಾಗಿದ್ದು ತಡವಾಗಿ ಬಂದಿದ್ದರೆ ತುಸು ತರಿಯಾಗಿಸು. ನೀನು ಕಳಿಸಿದ ಪೆಟ್ಟಿಗೆಯಲ್ಲಿ ತಕ್ಕಡಿಯೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ, ಏಕೆಂದರೆ ಉಳಿದ ಯಾವ ಸಾಧನ ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದು ತಕ್ಕಡಿಯಿಲ್ಲದೆ ನಿನಗೆ ಗೊತ್ತಾಗುವುದೇ ಇಲ್ಲ.

ತಮ್ಮ: ತಕ್ಕಡಿಯ ಮಾತನ್ನು ಒಪ್ಪಿದೆ. ಆದರೆ ಲೆವೆಲರನ್ನು ನೀನು ಬದಿಗೆ ಸರಿಸುತ್ತಿರುವಂತೆ ಕಾಣುತ್ತದೆ. ಜಾಹೀರಾತಿನ ವಿಡಿಯೊದಲ್ಲಿ ಅದನ್ನು ಒಂದು ಸುತ್ತು ತಿರುಗಿಸಿದರೆ ಪುಡಿಯ ಮೇಲ್ಮೈ ಗಾಜಿನಷ್ಟು ಸಮವಾಗುತ್ತದೆ. ಸಮವಾದ ಪುಡಿಯಲ್ಲಿ ನೀರೂ ಸಮವಾಗಿ ಇಳಿಯಬೇಕಲ್ಲವೇ?

ನಾನು: ಮೇಲ್ಮೈ ಸಮವಾಗುತ್ತದೆ, ಅಷ್ಟೇ. ಗ್ರೈಂಡರಿನಿಂದ ಬಿದ್ದ ಪುಡಿಯನ್ನು ಬೆರಳಲ್ಲಿ ಮುಟ್ಟಿ ನೋಡು, ಅದರಲ್ಲಿ ಸಣ್ಣ ಸಣ್ಣ ಗಂಟುಗಳು ಸಿಗುತ್ತವೆ. ಲೆವೆಲರ್ ಮೇಲಿನ ಕೆಲವು ಮಿಲಿಮೀಟರನ್ನು ಸವರುತ್ತದೆ, ತಳದ ಗಂಟು ಇದ್ದಲ್ಲಿಯೇ ಇರುತ್ತದೆ, ನೋಡುವವರಿಗೆ ಮಾತ್ರ ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಸೂಜಿಯ ಸಾಧನ ತಳದವರೆಗೆ ಇಳಿದು ಗಂಟುಗಳನ್ನು ಬಿಡಿಸುವುದರಿಂದ ಇಡೀ ಪೆಟ್ಟಿಗೆಯಲ್ಲಿ ನಾನು ಮನಸಾರೆ ಬೆಂಬಲಿಸುವ ವಸ್ತು ಅದೊಂದೇ. ಇದನ್ನು ಅಮೆರಿಕದ ಜಾನ್ ವೈಸ್ ಎಂಬವರು 2005ರಲ್ಲಿ ಹೇಳಿಕೊಟ್ಟದ್ದು. ಈ ವಿಧಾನವನ್ನು ಡಬ್ಲ್ಯುಡಿಟಿ, ಅಂದರೆ ವೈಸ್ ಡಿಸ್ಟ್ರಿಬ್ಯೂಷನ್ ಟೆಕ್ನಿಕ್, ಎನ್ನುತ್ತಾರೆ; ಅದರ ಮೊದಲ ಅಕ್ಷರದಲ್ಲಿ ಅವರ ಹೆಸರು ಅಡಗಿದೆ. ಅವರು ಬಳಸಿದ್ದು ತಳ ಕತ್ತರಿಸಿದ ಮೊಸರಿನ ಪ್ಲಾಸ್ಟಿಕ್ ಡಬ್ಬಿ ಮತ್ತು ಒಂದು ಸೂಜಿ. ಆ ಡಬ್ಬಿಯೇ ಇಂದು ಲೋಹದ ಫನೆಲ್ ಆಗಿ ಮಾರಾಟವಾಗುತ್ತಿದೆ. ಸೂಜಿ ಮಾತ್ರ ತೆಳ್ಳಗಿರಬೇಕು, 0.3ರಿಂದ 0.4 ಮಿಲಿಮೀಟರ್ ಇದ್ದರೆ ಒಳ್ಳೆಯದು. ಕಿಟ್‌ಗಳಲ್ಲಿ ಕೆಲವೊಮ್ಮೆ ಬರುವ ದಪ್ಪ ಕಡ್ಡಿಗಳು ಗಂಟು ಬಿಡಿಸುವ ಬದಲು ಪುಡಿಯಲ್ಲಿ ಗೆರೆ ಎಳೆಯುತ್ತವೆ. ತಳದಿಂದ ಶುರುಮಾಡಿ, ಸಣ್ಣ ಸುತ್ತುಗಳಲ್ಲಿ ಕಲಕುತ್ತ, ನಿಧಾನವಾಗಿ ಮೇಲಕ್ಕೆ ಬರಬೇಕು.

ಗಂಟು ಹುಟ್ಟುವುದಕ್ಕೆ ಅರೆಯುವಾಗ ಉಂಟಾಗುವ ಸ್ಥಾಯಿ ವಿದ್ಯುತ್ ಒಂದು ದೊಡ್ಡ ಕಾರಣ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಹೆಂಡನ್ ಮತ್ತು ಸಂಗಡಿಗರು 2023ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರೆಯುವ ಮುನ್ನ ಬೀಜಕ್ಕೆ ತುಸು ನೀರು ತಾಗಿಸಿದರೆ ಈ ವಿದ್ಯುತ್ ಕಡಿಮೆಯಾಗಿ, ಗಂಟೂ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಒದ್ದೆ ಚಮಚದ ಹಿಡಿಯಿಂದ ಬೀಜವನ್ನು ಒಮ್ಮೆ ಕಲಕಿದರೆ ಈ ಕೆಲಸ ಆಗುತ್ತದೆ, ಅದಕ್ಕೆ ಒಂದು ರೂಪಾಯಿಯೂ ಬೇಡ. ಗಾಳಿಯ ತೇವ ಹೆಚ್ಚಿದ್ದಷ್ಟೂ ಈ ತೊಂದರೆ ತಾನಾಗಿಯೇ ತಗ್ಗುವುದರಿಂದ ಮಳೆಗಾಲದ ಮೂಡಿಗೆರೆಗಿಂತ ಬೇಸಿಗೆಯ ಬೆಂಗಳೂರಿನಲ್ಲಿ ಇದರ ಪ್ರಯೋಜನ ಹೆಚ್ಚು.

ಅತ್ತಿಗೆ: ನನ್ನದೊಂದು ಸಂದೇಹವಿದೆ. ನಾನು ಅಂಗಡಿಯಿಂದ ತಂದ ಪುಡಿಯನ್ನೇ ಹಾಕುತ್ತೇನೆ, ಯಂತ್ರದ ಜೊತೆ ಬಂದ ಪ್ಲಾಸ್ಟಿಕ್ ಚಮಚದ ಹಿಂಬದಿಯಿಂದ ಒತ್ತುತ್ತೇನೆ. ಆದರೂ ಪ್ರತಿದಿನ ಕಾಫಿಯ ಮೇಲೆ ದಪ್ಪ ಕ್ರೆಮಾ, ಅಂದರೆ ಕಂದು ನೊರೆ, ಬರುತ್ತದೆ. ನೀವು ಹೇಳುವುದೆಲ್ಲ ನಿಜವಾದರೆ ನನ್ನ ಕಾಫಿ ಕೆಡಬೇಕಿತ್ತಲ್ಲ?

ನಾನು: ಅತ್ತಿಗೆ, ದಯವಿಟ್ಟು ಬಾಸ್ಕೆಟ್ಟನ್ನು ಪೋರ್ಟಾಫಿಲ್ಟರಿನಿಂದ, ಅಂದರೆ ಅದು ಕೂರುವ ಹಿಡಿಯಿರುವ ಭಾಗದಿಂದ, ಬಿಡಿಸಿ, ತಳ ನಿಮ್ಮ ಕಡೆಗೆ ಬರುವಂತೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹೊರಗಿನಿಂದ ನೂರಾರು ಸಣ್ಣ ತೂತುಗಳು ಕಾಣುತ್ತವೆಯೇ, ಒಂದೇ ಒಂದು ಕಾಣುತ್ತದೆಯೇ?

ಅತ್ತಿಗೆ: ಒಳಗಡೆ ಬಹಳ ತೂತುಗಳಿವೆ, ಹೊರಗಡೆ ನಡುವೆ ಒಂದೇ ಒಂದು ಇದೆ.

ನಾನು: ಅದು ಎರಡು ಗೋಡೆಯ ಬಾಸ್ಕೆಟ್. ಒತ್ತಡವನ್ನು ಹುಟ್ಟಿಸುವುದು ಆ ಒಂದು ಸಣ್ಣ ತೂತು, ಪುಡಿಯ ಪದರದ ಪಾಲು ಅದರಲ್ಲಿ ಬಹಳ ಕಡಿಮೆ. ಕಾಫಿ ಆ ತೂತಿನಿಂದ ಚಿಮ್ಮುವಾಗ ನೊರೆಯೇಳುತ್ತದೆ, ನೀವು ನೋಡುತ್ತಿರುವ ಕ್ರೆಮಾದ ಬಹುಪಾಲು ಅದೇ. ಆದ್ದರಿಂದ ನಿಮಗೆ ಈ ಕಿಟ್ಟಿನ ಒಂದು ವಸ್ತುವೂ ಬೇಡ; ಸೂಜಿಯಲ್ಲಿ ಎಷ್ಟು ಕಲಕಿದರೂ ಲೋಟದಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. ಹಾಲು ಬೆರೆಸಿ ಕುಡಿಯುವ ನಿಮ್ಮ ಕಾಫಿ ನಿಮಗೆ ಹಿಡಿಸಿದ್ದರೆ ಹಾಗೆಯೇ ಮುಂದುವರಿಸಿ. ಒಂದು ಗೋಡೆಯ ಬಾಸ್ಕೆಟ್ಟಿಗೆ ಬದಲಾಯಿಸುವ ಮನಸ್ಸಿದ್ದರೆ ಎರಡು ಹಲ್ಲಿನ ಬಿಲ್ಲೆಗಳ ನಡುವೆ ಬೀಜ ಅರೆಯುವ ಒಳ್ಳೆಯ ಬರ್ ಗ್ರೈಂಡರ್ ಮೊದಲು ಮನೆಗೆ ಬರಬೇಕು, ಏಕೆಂದರೆ ಅಂಗಡಿಯ ಪುಡಿಯ ನುಣುಪನ್ನು ನೀವು ದಿನದಿನಕ್ಕೆ ತಿದ್ದಲಾರಿರಿ. ಮಿಕ್ಸಿಯಲ್ಲಿ ಅರೆದರಂತೂ ಧೂಳು ಮತ್ತು ತರಿ ಒಟ್ಟಿಗೇ ಬರುತ್ತವೆ.

ಚಿಕ್ಕಪ್ಪ: ಇಷ್ಟೆಲ್ಲ ಚರ್ಚೆಯಲ್ಲಿ ಬೀಜ ಹಿಂದಕ್ಕೆ ಹೋಯಿತು ಮಗಳೇ. ಇಟಲಿಯವರು ನಮ್ಮ ರೊಬಸ್ಟಾವನ್ನೂ ಮಳೆಗಾಲದ ಗಾಳಿಗೆ ಒಡ್ಡಿದ ಮಾನ್ಸೂನ್ಡ್ ಮಲಬಾರನ್ನೂ ಕೇಳಿ ಕೊಳ್ಳುವುದು ಎಸ್ಪ್ರೆಸ್ಸೊಗಾಗಿಯೇ. ಅವರ ಬೀದಿಬೀದಿಯ ಕಾಫಿ ಬಾರುಗಳಲ್ಲಿ ಯಾರೂ ಸೂಜಿ ಹಿಡಿದು ನಿಲ್ಲುವುದಿಲ್ಲ.

ನಾನು: ನಿಲ್ಲುವುದಿಲ್ಲ, ನಿಜ. ಆದರೆ ಅಲ್ಲಿ ಕಡು ಹುರಿದ ಬೀಜ ಹೆಚ್ಚು, ಒಂದು ಲೋಟ ಎಸ್ಪ್ರೆಸ್ಸೊಗೆ ಹಾಕುವ ಪುಡಿ 7 ಗ್ರಾಂ ಆಸುಪಾಸು, ಗ್ರೈಂಡರ್ ದೊಡ್ಡದು, ಅದನ್ನು ದಿನವಿಡೀ ಬಳಸುವ ಕೈ ನುರಿತದ್ದು. ಕಡು ಹುರಿದ ಬೀಜದಿಂದ ರುಚಿ ಸುಲಭವಾಗಿ ಬಿಟ್ಟುಬರುತ್ತದೆ, ಸಣ್ಣ ಲೋಪವನ್ನು ಅದು ಮುಚ್ಚಿಬಿಡುತ್ತದೆ. ತಮ್ಮ ಕೊಳ್ಳುವುದು ಚಿಕ್ಕಮಗಳೂರಿನ ನಸು ಹುರಿದ ಅರೇಬಿಕಾ. ಅದರಲ್ಲಿ ಲೋಪ ಮುಚ್ಚಿಹೋಗುವುದಿಲ್ಲ. ಹುರಿದ ದಿನಾಂಕ ಬರೆದಿರುವ ಪೊಟ್ಟಣವನ್ನೇ ಕೊಂಡು, ಅನಿಲ ಹೋಗಲು ಒಂದೆರಡು ವಾರ ಬಿಟ್ಟು ಬಳಸುವುದು ಯಾವ ಸಾಧನಕ್ಕಿಂತಲೂ ಮುಖ್ಯ ಎಂಬಲ್ಲಿ ನನಗೂ ನಿಮಗೂ ಭಿನ್ನಾಭಿಪ್ರಾಯವಿಲ್ಲ.

ತಮ್ಮ: ಪಕ್ ಸ್ಕ್ರೀನ್ ಮತ್ತು ಟ್ಯಾಂಪರ್ ಬಗ್ಗೆ ನೀನು ಏನೂ ಹೇಳಲಿಲ್ಲ.

ನಾನು: ಟ್ಯಾಂಪರ್ ಬಾಸ್ಕೆಟ್ಟಿಗೆ ಸರಿಹೊಂದಬೇಕು. ಯಂತ್ರದ ಜೊತೆ ಬರುವ ಪ್ಲಾಸ್ಟಿಕ್ ಟ್ಯಾಂಪರ್ ಹೆಚ್ಚಾಗಿ ಸಡಿಲ. ಒತ್ತಿದ ಮೇಲೆ ಅಂಚಿನಲ್ಲಿ ಒತ್ತದ ಪುಡಿಯ ಉಂಗುರವೊಂದು ಉಳಿಯುತ್ತದೆ, ನೀರಿಗೆ ಅದೇ ದಾರಿ. ನಿನ್ನದು 51, 54, 58 ಮಿಲಿಮೀಟರುಗಳಲ್ಲಿ ಯಾವುದು ಎಂದು ಅಳೆದು ತರಿಸು. ಎಷ್ಟು ಬಲದಿಂದ ಒತ್ತಬೇಕೆಂದು ಚಿಂತಿಸಬೇಡ. ಪುಡಿ ಇನ್ನು ತಗ್ಗದು ಎನ್ನುವವರೆಗೆ ಒತ್ತಿದರೆ ಸಾಕು, ಓರೆಯಾಗಬಾರದು ಅಷ್ಟೇ. ಸ್ಪ್ರಿಂಗ್ ಇರುವುದು ಬಲಕ್ಕಾಗಿ. ಅದಕ್ಕಿಂತ ಬಾಸ್ಕೆಟ್ಟಿನ ಅಂಚಿಗೆ ಕೂತು ತಾನೇ ಮಟ್ಟವಾಗಿ ಇಳಿಯುವ ಟ್ಯಾಂಪರ್ ನಿನಗೆ ಹೆಚ್ಚು ಉಪಕಾರಿ.

ಪಕ್ ಸ್ಕ್ರೀನ್ ಹಾಕಿದರೆ ಯಂತ್ರದ ಜಾಲರಿಗೆ ಪುಡಿ ಅಂಟುವುದಿಲ್ಲ. ಶುಚಿಗಾಗಿ ಅದು ಒಳ್ಳೆಯದು. ರುಚಿ ಅದರಿಂದ ಹೆಚ್ಚಾಯಿತೆಂದು ನಾಲಿಗೆಯಿಂದ ಹೇಳುವುದು ನನಗೆ ಸಾಧ್ಯವಾಗಿಲ್ಲ. ಸಾಮಾನ್ಯವಾಗಿ ಸಿಗುವುದು 1.7 ಮಿಲಿಮೀಟರ್ ದಪ್ಪವಿರುತ್ತದೆ, ಆದ್ದರಿಂದ ತುಂಬಿದ ಬಾಸ್ಕೆಟ್ಟಿನ ಮೇಲೆ ಅದನ್ನಿಟ್ಟು ಬಿಗಿದರೆ ಪುಡಿ ಜಾಲರಿಗೆ ಒತ್ತಿಕೊಂಡು ಬಿರುಕುಬಿಡುತ್ತದೆ. ಬಳಸುವುದಾದರೆ ಪುಡಿಯನ್ನು ತುಸು ಕಡಿಮೆ ಮಾಡು.

ತಮ್ಮ: ಸರಿ, ತಕ್ಕಡಿ, ತೆಳು ಸೂಜಿ, ಅಳತೆಯ ಟ್ಯಾಂಪರ್. ಉಳಿದ ಹಣಕ್ಕೆ ತಳವಿಲ್ಲದ ಪೋರ್ಟಾಫಿಲ್ಟರ್ ತರಿಸಲೇ?

ನಾನು: ಖಂಡಿತ ತರಿಸು. ಅದು ರುಚಿಯನ್ನು ತಿದ್ದುವುದಿಲ್ಲ, ತಪ್ಪು ಎಲ್ಲಾಗಿದೆ ಎಂದು ತೋರಿಸುತ್ತದೆ. ಪುಡಿ ಚೆನ್ನಾಗಿ ಕೂತಿದ್ದರೆ ತಳದ ತುಂಬ ಗಾಢ ಹನಿಗಳು ಮೂಡಿ, ನಡುವಿಗೆ ಸರಿದು, ಒಂದೇ ಧಾರೆಯಾಗಿ ಇಳಿಯುತ್ತವೆ. ದಾರಿ ಒಡೆದಿದ್ದರೆ ಒಂದು ಬದಿಯಲ್ಲಿ ಬೇಗನೆ ತಿಳಿ ಬಣ್ಣ ಕಾಣಿಸಿಕೊಂಡು, ಅಲ್ಲಿಂದ ಕೂದಲೆಳೆಯಂಥ ಚಿಲುಮೆ ಯಂತ್ರಕ್ಕೆ, ಕೈಗೆ ಹಾರುತ್ತದೆ. ಮೊದಲ ವಾರ ಸೂಜಿಯಿಲ್ಲದೆ ಮಾಡು, ಮರುವಾರ ಸೂಜಿ ಬಳಸು. ತೂಕ, ಸೆಕೆಂಡು, ತಳದ ವಿಡಿಯೊ, ಮೂರನ್ನೂ ಇಲ್ಲಿ ಹಾಕು. ಲೆವೆಲರ್ ಬೇಕೋ ಬೇಡವೋ ಎಂಬುದನ್ನು ಅವನ್ನು ನೋಡಿದ ಮೇಲೆ ಮಾತಾಡೋಣ.

ಚಿಕ್ಕಪ್ಪ: ಎರಡೂ ವಾರಕ್ಕೆ ಒಂದೇ ಬೀಜವಿರಲಿ. ಈ ಸಲದ ಅರೇಬಿಕಾ ಪಾರ್ಚ್‌ಮೆಂಟನ್ನು ಹಲ್ಲಿಂಗ್ ಮಾಡಿಸಿ, ಅಂದರೆ ಬೀಜದ ಒಣ ಸಿಪ್ಪೆ ತೆಗೆಸಿ, ನೀನು ಹೇಳಿದಂತೆ ನಸು ಹುರಿಸಿ, ಹುರಿದ ದಿನಾಂಕ ಬರೆದು ಕಳಿಸುತ್ತೇನೆ.