ಅಪ್‌ಡೇಟ್: ಐಸ್ ಹಾಕಿಯಲ್ಲಿ ಮಗನ ತಲೆಗೆ ಪೆಟ್ಟಾಗಿತ್ತು, ಈಗ ಹೀಗಿದ್ದಾನೆ

ರಿಂಕ್‌ನ (ಐಸ್ ಅಂಗಳದ) ಸುತ್ತಲಿನ ಬೋರ್ಡ್‌ಗೆ ತಲೆ ಬಡಿದು ಬಿದ್ದ ಮಗನನ್ನು ಮುಂದಿನ ಪಂದ್ಯಕ್ಕೆ ಕಳಿಸಬಹುದಾ ಅಂತ ಕೇಳಿದ್ದೆ. ಕಳಿಸಲಿಲ್ಲ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಡಾಕ್ಟರ್ ಕನ್ಕಷನ್ ಅಂದರು, ಅಂದರೆ ಪೆಟ್ಟಿಗೆ ಮಿದುಳು ಅಲುಗಿ ಆಗುವ ಗಾಯ. ಸಾಮಾನ್ಯವಾಗಿ ಇದು ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲವಂತೆ. ಪದೇ ಪದೇ ವಾಂತಿ, ಜಾಸ್ತಿಯಾಗುತ್ತಾ ಹೋಗುವ ತಲೆನೋವು, ಮಂಪರು ಇಂಥವು ಕಂಡರೆ ತಕ್ಷಣ ಎಮರ್ಜೆನ್ಸಿಗೆ ಓಡಿ ಅಂದರು. ದಿನಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸಬೇಕಿಲ್ಲ. ಮೊದಲ 24ರಿಂದ 48 ಗಂಟೆ ಆರಾಮ, ಮೊಬೈಲ್ ಕಡಿಮೆ, ಜೊತೆಗೆ ಸ್ವಲ್ಪ ನಡಿಗೆ. ಆಮೇಲೆ ಶಾಲೆ, ಒಬ್ಬನೇ ಸ್ಕೇಟಿಂಗ್, ಮೈ ತಾಗದ ಅಭ್ಯಾಸ. ಪೂರ್ತಿ ಆಟಕ್ಕೆ ಡಾಕ್ಟರ್ ಒಪ್ಪಿಗೆ ಬೇಕು.

ಕೋಚ್ ಮಾತ್ರ "ಚೆನ್ನಾಗೇ ಕಾಣ್ತಾನಲ್ಲ" ಅಂದರು. ಕೆನಡಾದ ನಮ್ಮ ಒಂಟಾರಿಯೋದಲ್ಲಿ 2018ರಿಂದ ರೋವನ್ಸ್ ಲಾ ಇದೆ. 2013ರಲ್ಲಿ ರಗ್ಬಿ ಆಡುತ್ತಾ ಮತ್ತೆ ಮತ್ತೆ ತಲೆಗೆ ಪೆಟ್ಟಾಗಿ ತೀರಿಕೊಂಡ 17 ವರ್ಷದ ರೋವನ್ ಸ್ಟ್ರಿಂಗರ್ ಹೆಸರಿನ ಕಾನೂನು ಅದು. ಅನುಮಾನ ಬಂದರೂ ಸಾಕು, ಹುಡುಗನನ್ನು ಹೊರಗೆ ಕೂರಿಸಲೇಬೇಕು. ಅದನ್ನು ಹೇಳಿದ ಮೇಲೆ ಅವರು ಸುಮ್ಮನಾದರು.

ದುಬಾರಿ ಹೆಲ್ಮೆಟ್ ಕೊಳ್ಳಿ ಅಂದವರಿಗೆ: ಅದು ತಲೆಬುರುಡೆಯನ್ನು ಕಾಪಾಡುತ್ತದೆ, ಒಳಗಿನ ಮಿದುಳು ಅಲುಗುವುದನ್ನು ತಡೆಯುವುದಿಲ್ಲ, ಅಲ್ವಾ?

ಮುಂದಿನ ವರ್ಷ ಬಾಡಿ ಚೆಕಿಂಗ್ (ಎದುರಾಳಿಗೆ ಮೈಯಿಂದ ಗುದ್ದುವುದು) ಇಲ್ಲದ ಹೌಸ್ ಲೀಗ್‌ಗೆ, ಅಂದರೆ ಸ್ಥಳೀಯ ಹವ್ಯಾಸಿ ಲೀಗ್‌ಗೆ ಹಾಕುತ್ತಿದ್ದೇವೆ. ಅದಕ್ಕೆ ಅವನು ನನ್ನ ಮೇಲೆ ಮುನಿಸಿಕೊಂಡಿದ್ದಾನೆ.