ಪದಚರ್ಚೆ: 'ಕಮಾಡಿಟಿ ಟ್ರೇಡರ್' ಎಂದರೆ ದಲ್ಲಾಳಿಯೇ?

ಮಾನ್ಯರೇ,

ಐರೋಪ್ಯ ಒಕ್ಕೂಟವು 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮವನ್ನು ಕಾಫಿ ಬೆಳೆಗಾರರಿಗೆ ತಿಳಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದು ನಾಳೆ ಅಚ್ಚಿಗೆ ಹೋಗಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ಸೋಯಾ, ತಾಳೆ ಮೊದಲಾದವುಗಳಿಗೆ ಆ ಮಾರುಕಟ್ಟೆಯಲ್ಲಿ ಪ್ರವೇಶವಿಲ್ಲ ಎಂಬುದು ನಿಯಮದ ತಿರುಳು. ಸರಕನ್ನು ಅಲ್ಲಿ ಮೊದಲು ಮಾರುಕಟ್ಟೆಗೆ ಇಳಿಸುವವರನ್ನು ಮೂಲದಲ್ಲಿ 'ಆಪರೇಟರ್' ಎಂದು ಕರೆದಿದ್ದಾರೆ. ಕಾರ್ಗಿಲ್, ಬಂಗೆ, ಲೂಯಿ ಡ್ರೇಫಸ್‌ನಂತಹ ಸಂಸ್ಥೆಗಳಿಗೆ ನಮ್ಮ ಮುನ್ನುಡಿಯಲ್ಲಿ 'ಕಮಾಡಿಟಿ ಟ್ರೇಡರ್' ಎಂದಿದೆ. ಹಿಂದಿನ ಅನುವಾದಕರು ಇಬ್ಬರಿಗೂ 'ದಲ್ಲಾಳಿ' ಎಂದೇ ಬರೆದಿದ್ದಾರೆ. ಇದು ಸರಿಯೇ?

ಉತ್ತರ 1

'ದಲ್ಲಾಳಿ' ಅರಬ್ಬಿಯಿಂದ ಬಂದದ್ದು. 'ವರ್ತಕ' ಎನ್ನಲು ಹೊರಟಿದ್ದರೆ ಅದು ಸಂಸ್ಕೃತದ್ದು. ಹಳಗನ್ನಡದ 'ಪರದ' ನಡುಗನ್ನಡದಲ್ಲಿ 'ಹರದ'ನಾಗಿ ಉಳಿದಿದ್ದಾನೆ. 'ಸರಕು' ಹೇಗೂ ನಮ್ಮದೇ. 'ಸರಕುಹರದ' ಎಂದು ಬರೆಯಿರಿ. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಉತ್ತರ 2

'ಸರಕುಹರದ' ಎಂದು ಅಚ್ಚು ಹಾಕಿಸಿದರೆ ಸೋಮವಾರಪೇಟೆಯ ಬೆಳೆಗಾರನು ಅದನ್ನು ಯಾರದೋ ಮನೆತನದ ಹೆಸರೆಂದುಕೊಂಡಾನು. ಇಲ್ಲಿ ನೋಡಬೇಕಾದದ್ದು ಪದದ ಕುಲವನ್ನಲ್ಲ, ಮಾಲು ಯಾರದು ಎಂಬುದನ್ನು. ದಲ್ಲಾಳಿಯು ಕೊಡುವವನನ್ನೂ ಕೊಳ್ಳುವವನನ್ನೂ ಕೂಡಿಸಿ ಕಮಿಷನ್ ಪಡೆಯುತ್ತಾನೆಯೇ ಹೊರತು ಮಾಲಿನ ಒಡೆಯನಾಗುವುದಿಲ್ಲ. ಎಪಿಎಂಸಿಯಲ್ಲಿಯೂ ದಲ್ಲಾಳಿ ಬೇರೆ, ವರ್ತಕ ಬೇರೆ. ಪ್ರಶ್ನೆಯಲ್ಲಿ ಹೇಳಿದ ಸಂಸ್ಥೆಗಳಾದರೋ ಮಾಲನ್ನು ಸ್ವಂತಕ್ಕೆ ಕೊಂಡು, ಗೋದಾಮಿನಲ್ಲಿಟ್ಟು, ಬೆಲೆ ಕುಸಿದರೆ ಮುಳುಗದಂತೆ, ಮುಂದೆ ಕೊಡುವ ಮಾಲಿಗೆ ಇಂದೇ ಬೆಲೆ ಕಟ್ಟುವ ವಾಯಿದೆ ಪೇಟೆಯಲ್ಲಿ (ಕಾಫಿಯಾದರೆ ಲಂಡನ್ನಿನ ರೊಬಸ್ಟಾ ಅಥವಾ ನ್ಯೂಯಾರ್ಕಿನ ಅರೇಬಿಕಾ ಪೇಟೆಯಲ್ಲಿ) ಎದುರು ವ್ಯವಹಾರ ಮಾಡಿಟ್ಟುಕೊಂಡು ಹಡಗಿಗೇರಿಸುತ್ತವೆ. 2006ರಲ್ಲಿ ಬ್ರೆಜಿಲಿನ ಸೋಯಾ ವಹಿವಾಟಿನ ದೊಡ್ಡ ಸಂಸ್ಥೆಗಳು, ಅಮೆಜಾನಿನಲ್ಲಿ ಹೊಸದಾಗಿ ಕಾಡು ಕಡಿದ ನೆಲದ ಸೋಯಾವನ್ನು ಕೊಳ್ಳುವುದಿಲ್ಲವೆಂದು ಒಪ್ಪಂದ ಮಾಡಿಕೊಂಡವು. ಆ ಮಾತಿಗೆ ತೂಕ ಬಂದದ್ದು ಅವು ಖರೀದಿದಾರರಾಗಿದ್ದುದರಿಂದ. ದಲ್ಲಾಳಿಯು 'ಕೊಳ್ಳುವುದಿಲ್ಲ' ಎಂದರೆ ಅದಕ್ಕೆ ಅರ್ಥವೇ ಇಲ್ಲ.

ನಮ್ಮ ಕಾಫಿಯಲ್ಲಿಯೂ ತೊಡಕು ಇರುವುದು ಇಲ್ಲಿಯೇ. ಹಲವು ಸಣ್ಣ ಬೆಳೆಗಾರರ ಚೆರ್ರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು, ಊರಿನ ಖರೀದಿದಾರನ ಕಣದಲ್ಲಿ ಒಂದೇ ರಾಶಿಯಾಗುತ್ತದೆ, ಔಟ್‌ಟರ್ನ್ (ಚೆರ್ರಿಯಿಂದ ಸಿಗುವ ಬೇಳೆಯ ಪ್ರಮಾಣ) ನೋಡಿ ಬೆಲೆ ಕಟ್ಟಿದ ಮೇಲೆ ಯಾವ ಚೀಲ ಯಾರ ತೋಟದ್ದೆಂದು ಕೇಳುವವರಿರಲಿಲ್ಲ. ಹೊಸ ನಿಯಮವು ತೋಟದ ಅಕ್ಷಾಂಶ ರೇಖಾಂಶಗಳನ್ನು, 4 ಹೆಕ್ಟೇರು ಮೀರಿದ್ದರೆ ಅದರ ಗಡಿರೇಖೆಯನ್ನೇ ಕೇಳುತ್ತದೆ. ಮೂಲ ತಿಳಿಯದ ಮಾಲು ಬೆರೆತು ಬೇರ್ಪಡಿಸಲಾಗದಿದ್ದರೆ ಇಡೀ ರಾಶಿ ಅನರ್ಹ. ಹೀಗೆ ಬೆರೆಸುವ, ಬೇರ್ಪಡಿಸುವ ಕೆಲಸ ಯಾರ ಕೈಯಲ್ಲಿದೆಯೋ ಅವರನ್ನು 'ದಲ್ಲಾಳಿ' ಎಂದು ಕರೆದರೆ ಹೊಣೆಯಿಂದ ನಾವೇ ಬಿಡಿಸಿದಂತೆ. 'ಸಗಟು ಸರಕು ವರ್ತಕರು' ಎನ್ನಿ.

ಉತ್ತರ 3

ಮಧ್ಯಯುಗದ ವರ್ತಕ ಸಂಘವಾದ ಅಯ್ಯಾವೊಳೆ ಐನೂರ್ವರ ಶಾಸನಗಳಲ್ಲಿ ಹಲವು ದೇಶಗಳಲ್ಲಿ ವ್ಯಾಪಾರ ಮಾಡುವವರನ್ನು 'ನಾನಾದೇಶಿ' ಎಂದಿದ್ದಾರೆ. ಇಂದಿನ ಈ ಬಹುರಾಷ್ಟ್ರೀಯ ವರ್ತಕರಿಗೆ ಅದಕ್ಕಿಂತ ಒಪ್ಪುವ ಹೆಸರುಂಟೇ?

ಉತ್ತರ 1ರವರಿಂದ

'ನಾನಾ'ವೂ ಸಂಸ್ಕೃತ, 'ದೇಶಿ'ಯೂ ಸಂಸ್ಕೃತ. ಎರವಲು ತರುವುದಕ್ಕೆ ಈಗ ಶಾಸನದ ರುಜು ಬೇರೆ! ಕನ್ನಡದ ಬೇರಿನಿಂದ ಪದ ಕಟ್ಟದಿದ್ದರೆ ಈ ಬಳಗ ಇರುವುದಾದರೂ ಏತಕ್ಕೆ?

ಉತ್ತರ 2ರವರಿಂದ

ಕಾಫಿ, ಗೋದಾಮು, ವಾಯಿದೆ, ಮಾಲು, ಇವುಗಳಲ್ಲಿ ಯಾವುದೂ ಕನ್ನಡದ ಬೇರಿನದಲ್ಲ. ಕಾಫಿ ಬೆಳೆಯುವವರ ಬಾಯಲ್ಲಿ ಎಲ್ಲವೂ ಕನ್ನಡವೇ. ಇವನ್ನೂ ತೆಗೆದುಹಾಕುವುದಾದರೆ ಕೈಪಿಡಿಯಲ್ಲಿ ಉಳಿಯುವುದು ಮುಖಪುಟ ಮಾತ್ರ.

ಪ್ರಶ್ನೆ ಕೇಳಿದವರಿಂದ

'ಸಗಟು ಸರಕು ವರ್ತಕರು' ಎಂದು ತಿದ್ದಿದ್ದೇನೆ. ಆದರೆ 'ಆಪರೇಟರ್'ಗೆ ಯಾರೂ ಉತ್ತರಿಸಲಿಲ್ಲ. ಮುದ್ರಕರು ಕಾಯುತ್ತಿದ್ದಾರೆ.

ಉತ್ತರ 2ರವರಿಂದ

ನಿಮ್ಮ ಪ್ರಶ್ನೆಯಲ್ಲಿಯೇ 'ಮೊದಲು ಮಾರುಕಟ್ಟೆಗೆ ಇಳಿಸುವವರು' ಎಂದು ಬರೆದಿದ್ದೀರಿ. ಅದನ್ನೇ ಇಡಿ.