ಸಹಾಯ ಬೇಕು: ರಾಜಕೀಯದಿಂದ ನಿಂತುಹೋದ ಮಾತು ಮತ್ತೆ ಶುರು ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಚುನಾವಣೆ ಮುಗಿದು ಮೂರು ತಿಂಗಳಾಯಿತು, ನನಗೂ ಅಣ್ಣನಿಗೂ ಮಾತಿಲ್ಲ. ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅವನು ಹಾಕಿದ ವಿಡಿಯೋಗೆ ನಾನು 'ಬುದ್ಧಿ ಅಡವಿಟ್ಟಿದ್ದೀಯಾ?' ಎಂದು ಬರೆದಿದ್ದೆ. ಅಳಿಸುವಷ್ಟರಲ್ಲಿ ನೀಲಿ ಟಿಕ್ ಬಂದಿತ್ತು. ತಪ್ಪು ನನ್ನದೇ. (ವಿಡಿಯೋ ಸುಳ್ಳೇ ಇತ್ತು, ಅದು ಬೇರೆ ಮಾತು.)

ಮೊನ್ನೆ ನನಗೆ ಜ್ವರ. ಅಣ್ಣ ಮಾತ್ರೆಯ ಚೀಲವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ, ಬೆಲ್ ಒತ್ತಿ ಹೊರಟೇಹೋದ. ಕಿಟಕಿಯಿಂದ ಬೆನ್ನು ಮಾತ್ರ ಕಾಣಿಸಿತು. ಕರೆಯೋಣ ಎಂದರೆ ಬಾಯಿ ಬರಲಿಲ್ಲ.

ನನ್ನ ನಿಲುವು ಬದಲಾಗಿಲ್ಲ, ಅವನದೂ ಬದಲಾಗಲ್ಲ. ಫೋನ್ ಮಾಡಲಾ, ಸುಮ್ನೆ ಹೋಗಿ ಎದುರು ನಿಲ್ಲಲಾ? ಮೊದಲು ಏನು ಹೇಳಲಿ? ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ತಿಳಿಸಿ. ಯಾವ ಪಕ್ಷ ಸರಿ ಅನ್ನೋ ಚರ್ಚೆ ಮಾತ್ರ ಬೇಡ, ಅದು ಮನೆಯಲ್ಲೇ ಜಾಸ್ತಿಯಾಗಿದೆ.